ಹಡಗಿನ ಕೋಣೆಯಲ್ಲಿ ಕೂತರೆ ಮಕ್ಕಳಿಗೆ ವಾಂತಿ ಬರುವಂತಾಗುತ್ತದೆ, ಹೊರಗೆ ಬಂದರೆ ಸರಿಹೋಗುತ್ತದೆ. ಯಾಕೆ?

ಹೊರಗೆ ಬಂದಾಗ ಹಡಗು ಓಲಾಡುವುದು ಕಣ್ಣಿಗೂ ಕಾಣುತ್ತದೆ, ಅದಕ್ಕೇ. ಒಳಕಿವಿಯಲ್ಲಿರುವ ದ್ರವ ಅಲುಗಾಡಿ, ಮೈ ಓಲಾಡುತ್ತಿದೆ ಎಂದು ಮಿದುಳಿಗೆ ತಿಳಿಸುತ್ತದೆ. ಕೋಣೆಯಲ್ಲಿ ಗೋಡೆ, ಮಂಚ ಎಲ್ಲವೂ ನಮ್ಮ ಜೊತೆಗೇ ಓಲಾಡುವುದರಿಂದ ಕಣ್ಣಿಗೆ ಏನೂ ಅಲುಗಿದಂತೆ ಕಾಣುವುದಿಲ್ಲ. ಈ ತಿಕ್ಕಾಟದಿಂದಲೇ ಹೊಟ್ಟೆ ತೊಳಸುವುದು. ಆಗ ಮಗುವಿನ ಕೈಗೆ ಮೊಬೈಲ್ ಕೊಟ್ಟರೆ ಇನ್ನೂ ಜಾಸ್ತಿಯಾಗುತ್ತದೆ. ಡೆಕ್ಕಿಗೆ ಕರೆದುಕೊಂಡು ಹೋಗಿ, ದೂರದಲ್ಲಿ ನೀರು ಆಕಾಶ ಸೇರುವ ಗೆರೆಯನ್ನೇ ನೋಡಲು ಹೇಳಿ. ಅಲೆ ಜೋರಾಗಿ ಹೊರಗೆ ಬಿಡದಿದ್ದರೆ ಹಡಗಿನ ನಡುಭಾಗದ ಕೆಳಗಿನ ಅಂತಸ್ತಿಗೆ ಹೋಗಿ, ಅಲ್ಲಿ ಓಲಾಟ ಕಡಿಮೆ. ಕಣ್ಣು ಮುಚ್ಚಿ ಮಲಗಿದರೂ ಆರಾಮ ಸಿಗುತ್ತದೆ. ಮಾತ್ರೆ ಹೊರಡುವ ಮುಂಚೆಯೇ ತಗೊಂಡರೆ ಒಳ್ಳೆಯದು. ಆದರೆ ದೊಡ್ಡವರ ಮಾತ್ರೆಯನ್ನು ಸುಮ್ನೆ ಅರ್ಧ ಮುರಿದು ಮಕ್ಕಳಿಗೆ ಕೊಡಬೇಡಿ, ದಯವಿಟ್ಟು ಡಾಕ್ಟರನ್ನು ಕೇಳಿ.