ಜಪಾನಿ ಗೆಳೆಯರ ಮನೆಗೆ ಊಟಕ್ಕೆ ಹೋಗುವ ಮುನ್ನ

ಜಪಾನಿನ ಒಸಾಕಾದ ಸಹೋದ್ಯೋಗಿ ಮನೆಗೆ ಊಟಕ್ಕೆ ಕರೆದಿದ್ದಾರೆ, ಆದರೆ ಅವರ ಜೊತೆ ಮಾತು ಎರಡೇ ನಿಮಿಷಕ್ಕೆ ನಿಲ್ಲುತ್ತದೆ, ಏನು ಮಾಡಲಿ ಅಂತ ಕೇಳಿದ್ದಿರಿ. ಮಾತು ನಿಲ್ಲಲು ಕಾರಣ ಬಹುಶಃ ಅನುವಾದದ ಆ್ಯಪ್‌ಗೆ ನೀವು ಉದ್ದುದ್ದ ವಾಕ್ಯ ಕೊಡುತ್ತಿರುವುದು. ಒಂದು ಸಲಕ್ಕೆ ಒಂದೇ ವಿಷಯ ಹೇಳಿ. ‘ನಾನು’, ‘ನೀವು’ ಬಿಡಬೇಡಿ. ಕನ್ನಡದಲ್ಲಿ ನಾವು ಅದನ್ನು ನುಂಗಿಬಿಡುತ್ತೇವೆ, ಆಗ ಆ್ಯಪ್ ತಪ್ಪಾಗಿ ಊಹಿಸುತ್ತದೆ. ರಜೆ ಮುಗಿಸಿ ದಾವಣಗೆರೆಯಿಂದ ಹೊರಡುವ ಮೊದಲೇ ಆ್ಯಪ್‌ನಲ್ಲಿ ಕನ್ನಡ, ಜಪಾನಿ ಭಾಷೆಗಳನ್ನು ಫೋನಿಗೆ ಇಳಿಸಿಕೊಳ್ಳಿ, ನೆಟ್ ಇಲ್ಲದಿದ್ದರೂ ಕೆಲಸ ಮಾಡಲಿ.

ಮನೆಗೆ ಹೋಗುವ ಮೊದಲು ಊಟದ ವಿಷಯ ಇತ್ಯರ್ಥ ಮಾಡಿ. ನೀವು ಸಸ್ಯಾಹಾರಿ. ‘ಮಾಂಸ ತಿನ್ನಲ್ಲ’ ಎಂದಷ್ಟೇ ಹೇಳಿದರೆ ಸಾಲದು. ಅಲ್ಲಿ ಮಿಸೊ (ಹುದುಗಿಸಿದ ಸೋಯಾ ಪೇಸ್ಟ್) ಸೂಪು, ನೂಡಲ್ಸ್, ಬೇಯಿಸಿದ ತರಕಾರಿಗೂ ಸಾಮಾನ್ಯವಾಗಿ ಒಣಮೀನು ಹಾಕಿ ಕುದಿಸಿದ ‘ದಾಶಿ’ ಎಂಬ ತಿಳಿ ರಸ ಸೇರಿರುತ್ತದೆ. ‘ಮೀನು, ಮೀನಿನ ದಾಶಿ, ಮಾಂಸ ಬೇಡ. ಅನ್ನ, ತೋಫು (ಸೋಯಾ ಪನೀರ್), ತರಕಾರಿ ಸಾಕು’ ಎಂದು ಕೆಲವು ದಿನ ಮೊದಲೇ ಬರೆದು ಕಳಿಸಿ. ಪ್ರೀತಿಯಿಂದ ಅಡುಗೆ ಮಾಡಿಟ್ಟ ಮೇಲೆ ಬೇಡ ಅಂದರೆ ಅವರಿಗೆ ಎಷ್ಟು ಬೇಸರ ಅಲ್ವಾ.

ಉಡುಗೊರೆ ಚಿಕ್ಕದಿರಲಿ. ಮೊಳಕಾಲ್ಮೂರು ರೇಷ್ಮೆ ಸೀರೆ ಜಾಸ್ತಿಯಾಯಿತು, ಅದನ್ನು ತೀರಿಸುವ ಭಾರ ಅವರ ಮೇಲೆ ಬೀಳುತ್ತದೆ. ಪ್ಯಾಕೆಟ್ ಕಾಫಿಪುಡಿ ಸಾಕು. ನಿಮ್ಮೆದುರು ಬಿಚ್ಚಿ ನೋಡದಿದ್ದರೆ ಬೇಜಾರಾಗಬೇಡಿ.

ಬಾಗಿಲ ಒಳಗಿನ ತಗ್ಗಿನಲ್ಲೇ ಶೂ ಬಿಟ್ಟು, ಅದರ ಮೂತಿ ಹೊರಗಡೆ ತಿರುಗಿಸಿಡಿ. ಟಾಯ್ಲೆಟ್‌ಗೆ ಬೇರೆ ಚಪ್ಪಲಿ ಇದ್ದರೆ ಅಲ್ಲೇ ಬಿಟ್ಟು ಬನ್ನಿ. ಎಲ್ಲ ಮನೆಯಲ್ಲೂ ಹೀಗೇ ಇರಲಿಕ್ಕಿಲ್ಲ, ಅವರು ಮಾಡಿದಂತೆ ಮಾಡಿ.

ಮಾತು ನಿಂತರೆ ಆ್ಯಪ್ ಬದಿಗಿಟ್ಟು ಫೋಟೊ ತೋರಿಸಿ: ನಿಮ್ಮ ಮನೆಯವರು, ಚಿತ್ರದುರ್ಗದ ಕೋಟೆ. ಒಸಾಕಾದಲ್ಲೂ ದೊಡ್ಡ ಕೋಟೆ ಇದೆ, ಅದರ ಬಗ್ಗೆ ಕೇಳಿ.