ಜಿಂಜಾದಲ್ಲಿ ತಲೆಬಾಗಬಹುದಾ ಅಂತ ಕೇಳಿದ್ದಿರಲ್ಲ

ಹೊಸ ವರ್ಷಕ್ಕೆ ಆಫೀಸಿನವರು ಟೋಕಿಯೊದ ಮೇಜಿ ಜಿಂಗೂ ಅನ್ನುವ ಜಿಂಜಾಕ್ಕೆ, ಅಂದರೆ ಜಪಾನಿನ ಶಿಂತೋ ಧರ್ಮದ ಗುಡಿಗೆ, ಕರೆದಿದ್ದಾರೆ, ಅಲ್ಲಿ ಹೇಗೆ ನಡೆದುಕೊಳ್ಳಬೇಕು, ದಿನಾ ಇಷ್ಟಲಿಂಗ ಪೂಜೆ ಮಾಡುವವರು ಅಲ್ಲಿ ತಲೆಬಾಗಿದರೆ ತಪ್ಪಾ ಅಂತ ಕೇಳಿದ್ದೀರಿ. ನಾನೂ ಲಿಂಗಾಯತರ ಮನೆಯವಳೇ. ಇಲ್ಲಿಗೆ ಬಂದ ಹೊಸದರಲ್ಲಿ ನನ್ನನ್ನೂ ಇದೇ ಪ್ರಶ್ನೆ ಕಾಡಿತ್ತು.

ಮೊದಲು ರೀತಿ ಹೇಳ್ತೀನಿ. ತೋರಿ ಅನ್ನುವ ಹೆಬ್ಬಾಗಿಲಲ್ಲಿ ನಿಂತು ಒಮ್ಮೆ ಬಾಗಿ. ಒಳಗೆ ದಾರಿಯ ಬದಿಯಲ್ಲೇ ನಡೆಯಿರಿ, ನಡುದಾರಿ ದೇವರದು. ಚಪ್ಪಲಿ ಬಿಡಬೇಕಿಲ್ಲ. ಮುಂದೆ ನೀರಿನ ತೊಟ್ಟಿ ಸಿಗುತ್ತೆ. ಬಲಗೈಯಲ್ಲಿ ಸೌಟು ಹಿಡಿದು ಎಡಗೈ ತೊಳೆಯಿರಿ, ಆಮೇಲೆ ಬಲಗೈ. ಎಡ ಅಂಗೈಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಿ. ಸೌಟನ್ನು ಬಾಯಿಗೆ ಇಡಬಾರದು. ಎಂಜಲು ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಇನ್ನೊಮ್ಮೆ ಎಡಗೈ ತೊಳೆದು, ಉಳಿದ ನೀರು ಹಿಡಿಕೆಯ ಮೇಲೆ ಇಳಿಯುವಂತೆ ಸೌಟನ್ನು ನೆಟ್ಟಗೆ ಮಾಡಿ ಇಡಿ. ಗುಡಿಯ ಮುಂದೆ ಕಾಣಿಕೆ ಹಾಕಿ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಕೈ ಜೋಡಿಸಿ ಬೇಡಿಕೊಂಡು, ಕೊನೆಗೆ ಒಮ್ಮೆ ಬಾಗಿ. ಇಜುಮೊ ತೈಶಾದಂಥ ಕೆಲವೇ ಜಿಂಜಾಗಳಲ್ಲಿ ಚಪ್ಪಾಳೆ ನಾಲ್ಕು. ಅಸಾಕುಸಾದ ಸೆನ್ಸೋಜಿ ಬೌದ್ಧರದು, ಅಲ್ಲಿ ಚಪ್ಪಾಳೆ ತಟ್ಟಬೇಡಿ, ಸುಮ್ನೆ ಕೈಮುಗಿದರೆ ಸಾಕು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ನಿಮ್ಮ ನಂಬಿಕೆ ಯಾವುದು ಅಂತ ಅಲ್ಲಿ ಯಾರೂ ಕೇಳಲ್ಲ. ಇಲ್ಲಿನವರು ಮಗು ಹುಟ್ಟಿದರೆ ಜಿಂಜಾಕ್ಕೆ ಎತ್ತಿಕೊಂಡು ಹೋಗುತ್ತಾರೆ, ಸಾವಾದರೆ ಬೌದ್ಧ ಪೂಜಾರಿಯನ್ನು ಕರೆಸುತ್ತಾರೆ. ಶಿಂತೋ ಬೇರೆ, ಬೌದ್ಧ ಬೇರೆ ಅಂತ ಸರ್ಕಾರ 1868ರಲ್ಲಿ ಆಜ್ಞೆ ಹೊರಡಿಸಿತು. ಎಷ್ಟೋ ಮನೆಗಳಲ್ಲಿ ಇವತ್ತಿಗೂ ಎರಡರ ಪೂಜೆಯೂ ನಡೆಯುತ್ತೆ. ಎರಡೂ ಧರ್ಮದವರ ಲೆಕ್ಕ ಕೂಡಿದರೆ ದೇಶದ ಜನಸಂಖ್ಯೆಗಿಂತ ಜಾಸ್ತಿ ಆಗುತ್ತೆ!

ಆದರೂ ತಿಳಿದುಕೊಂಡೇ ಹೋಗಿ. 1920ರಲ್ಲಿ ಕಟ್ಟಿದ ಮೇಜಿ ಜಿಂಗೂದಲ್ಲಿ ಪೂಜೆ ನಡೆಯುವುದು ಮೇಜಿ ಚಕ್ರವರ್ತಿ ಮತ್ತು ಅವರ ಪತ್ನಿ ಶೋಕೆನ್ ಅವರಿಗೆ. ದೊರೆಯನ್ನು ದೇವರು ಅನ್ನಲು ನನಗೆ ಮನಸ್ಸು ಬರಲಿಲ್ಲ. ಹಾಗಾಗಿ ನಾನು ಅಲ್ಲಿ ಬಾಗುತ್ತೇನೆ, ಬೇಡುವುದಿಲ್ಲ. ಆ ನೆಲಕ್ಕೆ, ಅಲ್ಲಿಗೆ ಬರುವ ಜನರ ಭಕ್ತಿಗೆ ಬಾಗುವುದು. ಬೇಡುವುದೇನಿದ್ದರೂ ಅಂಗೈ ಮೇಲಿನ ಲಿಂಗದ ಮುಂದೆ. ಇಲ್ಲೇ ಹುಟ್ಟಿದ ನನ್ನ ಮಗಳು ಹಾಗಲ್ಲ. ಪರೀಕ್ಷೆ ಬಂತು ಅಂದರೆ ವಿದ್ಯೆಯ ದೇವರ ಜಿಂಜಾ ಯುಶಿಮಾ ತೆಂಜಿನ್‌ಗೆ ಹೋಗಿ ಮರದ ಹಲಗೆಯ ಮೇಲೆ ಹರಕೆ ಬರೆದು ಕಟ್ಟುತ್ತಾಳೆ, ಮನೆಯಲ್ಲಿ ನನ್ನ ಜೊತೆ ಲಿಂಗಪೂಜೆಗೂ ಕೂರುತ್ತಾಳೆ. ಅವಳಿಗೆ ಎರಡೂ ನಿಜ. ಅವಳನ್ನು ನಾನು ತಡೆದಿಲ್ಲ, ತಡೆಯುವುದೂ ಇಲ್ಲ. ನಿಮ್ಮದು ಎಲ್ಲಿ ನಿಲ್ಲುತ್ತೆ ಅನ್ನುವುದನ್ನು ನೀವೇ ನೋಡಿಕೊಳ್ಳಿ.

ಒಂದು ಮಾತು ಮರೆಯಬೇಡಿ. ನಾವು ಸೂತಕ ಇಲ್ಲ ಅನ್ನುವವರು. ಇಲ್ಲಿ ಹತ್ತಿರದವರು ತೀರಿಕೊಂಡರೆ ಸುಮಾರು 50 ದಿನ ಜಿಂಜಾಕ್ಕೆ ಹೋಗುವುದಿಲ್ಲ. ಆಫೀಸಿನಲ್ಲಿ ಯಾರಾದರೂ ಈ ಸಲ ಬರಲ್ಲ ಅಂದರೆ ಒತ್ತಾಯ ಮಾಡಬೇಡಿ. ಸಾವಾಗಿದೆ ಅಂತ ಗೊತ್ತಾದರೆ ಅವರಿಗೆ ಹೊಸ ವರ್ಷದ ಶುಭಾಶಯವನ್ನೂ ಹೇಳಬೇಡಿ.