ಕೊಡಗಿನ ತಡಿಯಂಡಮೋಳ್ ಬೆಟ್ಟದ ತುದಿಯಲ್ಲಿ ನಿಮಗೊಬ್ಬರಿಗೇ ನಡುಕ ಬಂದಿದ್ದಕ್ಕೆ

ಬಹುಶಃ ಹತ್ತಿ ಟೀಶರ್ಟ್ ಕಾರಣ. ಡಿಸೆಂಬರ್ ಚಳಿ ಗೆಳೆಯರಿಗೂ ಒಂದೇ ಇತ್ತು, ಅಲ್ವಾ? ಹತ್ತಿ ಬೆವರು ಹೀರಿಕೊಂಡು ಒದ್ದೆಯಾಗೇ ಇರುತ್ತದೆ. ದಟ್ಟವಾದ ಶೋಲಾ ಕಾಡಿನೊಳಗೆ ಗಾಳಿ ತಾಕದ್ದರಿಂದ ಗೊತ್ತಾಗುವುದಿಲ್ಲ. ಹುಲ್ಲುಗಾವಲಿಗೆ ಬಂದ ತಕ್ಷಣ ಗಾಳಿ ನೇರ ಮೈಗೆ ಹೊಡೆಯುತ್ತದೆ. 1,748 ಮೀಟರ್ ಎತ್ತರ ಸುಮ್ನೆ ಅಲ್ಲ.

ಮುಂದಿನ ಸಲ ಚಾರಣ ಶುರುವಾಗುವ ನಾಲ್ಕುನಾಡು ಅರಮನೆ ಹತ್ತಿರ ಹೊರಡುವಾಗಲೇ ಸ್ವೆಟರ್ ಬಿಚ್ಚಿ ಬ್ಯಾಗಿಗೆ ಹಾಕಿ. ಶುರುವಲ್ಲಿ ಸ್ವಲ್ಪ ಚಳಿಯಾಗಲಿ, ಬೆವರು ಕಡಿಮೆಯಾಗುತ್ತದೆ. ಹತ್ತಿ ಟೀಶರ್ಟ್ ಬದಲು ಪಾಲಿಯೆಸ್ಟರ್ ಜೆರ್ಸಿ ಸಾಕು, ದುಬಾರಿಯದು ಬೇಡ. ಕಾಡು ಮುಗಿಯುವ ಮುಂಚೆ ಮರದ ಮರೆಯಲ್ಲೇ ಒಣಗಿದ ಬನಿಯನ್ ಹಾಕಿಕೊಂಡು, ಮೇಲೆ ಸ್ವೆಟರ್, ವಿಂಡ್‌ಚೀಟರ್ ಹಾಕಿ. ತುದಿಗೆ ಹೋಗಿ ಬದಲಾಯಿಸೋಣ ಅಂದ್ರೆ ಆಗಲೇ ತಡ.

ಬೆಳಿಗ್ಗೆ ಏನೂ ತಿನ್ನದೆ ಹತ್ತಿದ್ದರೆ ಅದೂ ಸೇರಿರಬಹುದು. ನಡುಕದ ಜೊತೆ ಮಾತು ತೊದಲಿದರೆ ಫೋಟೊ ಗೀಟೊ ಬಿಟ್ಟು, ಒಣಬಟ್ಟೆ ಹಾಕಿಕೊಂಡು ಗೆಳೆಯರ ಜೊತೆ ಕೂಡಲೇ ಇಳಿಯಿರಿ.